ಹೊಟ್ಟೆ ಕೇಳುವ ಶಾಸ್ತ್ರ

ನನ್ನ ಹೊಟ್ಟೆ ಏನು ಮಾತಾಡುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಇದರಲ್ಲಿ ನನ್ನದೇನೂ ಹೆಚ್ಚುಗಾರಿಕೆ ಇಲ್ಲ. ನಮ್ಮೂರಲ್ಲಿ ಎಲ್ಲರ ಹೊಟ್ಟೆಯೂ ಮಾತಾಡುತ್ತದೆ. ಉಂಡು ಕೂತ ಮೇಲೆ ಒಂದು ಗಂಟೆ, ಒಂದೂವರೆ ಗಂಟೆ ಅದರದೇ ಕಾರುಬಾರು. ಎದುರಿಗೆ ಕೂತವರಿಗೆ ಸ್ವಚ್ಛ ಕೇಳಿಸುತ್ತದೆ, ಹೊತ್ತುಕೊಂಡು ತಿರುಗುವವರಿಗೆ ಮಾತ್ರ ಕೇಳಿಸುವುದಿಲ್ಲ. ಹೊರಗಿನವರು ಯಾರಾದರೂ ‘ಇದೇನ್ರೀ ಹಿಂಗ?’ ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಿಮ್ಮೂರಲ್ಲಿ ಹೊಟ್ಟೆಗಳು ಮೂಕಬಸವನ ಹಾಗೆ ಇರುತ್ತವಂತಲ್ಲ, ಅದು ಯಾಕೆ ಹಾಗೆ ಎಂದು ನಾವು ಬಂದು ಕೇಳಿದ್ದೇವೆಯೇ?

ಇದಕ್ಕೆ ತಕ್ಕ ಹಾಗೆ ನಾವು ಬದುಕನ್ನು ಜೋಡಿಸಿಕೊಂಡಿದ್ದೇವೆ. ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ಪಾಠವಿಲ್ಲ. ನಲವತ್ತು ಹೊಟ್ಟೆ ಒಟ್ಟಿಗೆ ಮಾತಾಡುವಾಗ ಯಾವ ಮಾಸ್ತರ ದನಿ ಏರಿಸಿಯಾನು? ಅದಕ್ಕೇ ಆಗ ಆಟ. ಟಾಕೀಸಿನಲ್ಲಿ ಇಂಟರ್ವಲ್ ಬಿಡುವುದಿಲ್ಲ. ಬಿಟ್ಟರೆ ಮಂದಿ ಭಜಿ ತಿಂದು ಬಂದು ಕೂಡುತ್ತಾರೆ, ಆಮೇಲೆ ಹೀರೋ ಏನು ಹೇಳಿದ ಎಂಬುದು ದೇವರಿಗೇ ಗೊತ್ತು. ಹೆಂಗಸರು ಹೊರಗೆ ಹೊರಟರೆ ಸೆರಗನ್ನು ಹೊಟ್ಟೆಯ ಮೇಲೆ ಎರಡು ಸುತ್ತು ಬಿಗಿದುಕೊಳ್ಳುತ್ತಾರೆ, ಗಂಡಸರು ಟವೆಲ್ ಕಟ್ಟಿಕೊಳ್ಳುತ್ತಾರೆ, ದನಿ ಅಡಗುತ್ತದೆ. ಎಲ್ಲಕ್ಕಿಂತ ದೊಡ್ಡ ಪದ್ಧತಿ ಎಂದರೆ ಇನ್ನೊಬ್ಬರ ಹೊಟ್ಟೆ ಆಡಿದ ಮಾತನ್ನು ಅವರ ಮುಂದೆ ಹೇಳಬಾರದು. ಗುಡಿಯ ವೆಂಕೋಬಾಚಾರ್ಯರು ಏಕಾದಶಿಯ ದಿನ ತೀರ್ಥ ಕೊಡುವಾಗ ಅವರ ಹೊಟ್ಟೆ ‘ಎರಡನೇ ಉಂಡಿ ಬ್ಯಾಡಾಗಿತ್ತು’ ಎನ್ನುತ್ತದೆ. ನಾವು ತೀರ್ಥ ತಗೊಂಡು, ‘ಉಪವಾಸ ತ್ರಾಸಾತೇನ್ರೀ ಆಚಾರ್ರ?’ ಎಂದು ಕೇಳಿ ಬರುತ್ತೇವೆ. ಅಷ್ಟು ಮರ್ಯಾದೆಯ ಊರು ನಮ್ಮದು. ಹೇಳುವ ಹಕ್ಕು ಗಂಡ ಹೆಂಡತಿಗೆ ಮಾತ್ರ. ಹೆಂಡತಿಯ ಹೊಟ್ಟೆ ಏನಂದಿತು ಎಂದು ಗಂಡ ಹೇಳಬೇಕು, ಗಂಡನದನ್ನು ಹೆಂಡತಿ ಹೇಳಬೇಕು.

ನನ್ನ ಹೆಸರು ಬಸಲಿಂಗವ್ವ. ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮ ಖಾನಾವಳಿ ಇದೆ, ಮನೆಯೂ ಅದಕ್ಕೇ ಹೊಂದಿಕೊಂಡಿದೆ. ಮೂವತ್ತು ವರ್ಷದಿಂದ ಅಲ್ಲಿ ರೊಟ್ಟಿ ಬಡಿಯುತ್ತಿದ್ದೇನೆ. ನನ್ನ ಕೈರುಚಿಗೆ ಬೋರ್ಡು ಗೀರ್ಡು ಬೇಕಿಲ್ಲ, ಉಂಡು ಎದ್ದವರ ಹೊಟ್ಟೆಗಳೇ ಬೀದಿಯುದ್ದಕ್ಕೂ ಹೊಗಳಿಕೊಂಡು ಹೋಗುತ್ತವೆ. ಬಡಿಸುವುದು, ನೀರಿಡುವುದು ನಮ್ಮನೆಯವರ ಕೆಲಸ. ಮುರಿಗೆಪ್ಪ ಎಂದು ಹೆಸರು, ತಣ್ಣಗಿನ ಮನುಷ್ಯ, ಸೊಳ್ಳೆ ಕಚ್ಚಿದರೂ ಸಾವಕಾಶ ತಿರುಗಿ ನೋಡುತ್ತಾರೆ. ‘ಏನಂತೈತ್ರೀ ನನ್ನ ಹೊಟ್ಟಿ?’ ಎಂದು ನಾನು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: ‘ಏನಿಲ್ಲ, ಚಲೋ ಐತಿ ಅಂತೈತಿ.’ ನಾನು ನಂಬಿದ್ದೆ. ಅವರ ಹೊಟ್ಟೆಯ ಮಾತನ್ನು ಮಾತ್ರ ನಾನು ಒಂದಕ್ಷರ ಬಿಡದೆ ಹೇಳುತ್ತಿದ್ದೆ. ಹಪ್ಪಳದ ಡಬ್ಬಿಗೆ ಕೈ ಹಾಕಿ ಎಷ್ಟು ಸಲ ಸಿಕ್ಕುಬಿದ್ದಿದ್ದಾರೋ ಲೆಕ್ಕವಿಲ್ಲ.

ನಮಗೆ ಒಬ್ಬಳೇ ಮಗಳು, ಕಸ್ತೂರಿ. ಪೋಸ್ಟ್ ಆಫೀಸಿನಲ್ಲಿ ಕೆಲಸ. ಇಪ್ಪತ್ತೇಳು ತುಂಬಿತ್ತು, ಎರಡು ಸಂಬಂಧ ಬಂದು ಮುರಿದಿದ್ದವು. ಎರಡೂ ಮುರಿದದ್ದು ಹೊಟ್ಟೆ ಕೇಳುವ ಶಾಸ್ತ್ರದಲ್ಲೇ. ನಮ್ಮಲ್ಲಿ ಹೆಣ್ಣು ನೋಡಿ ಒಪ್ಪಿದ ಮೇಲೆ ಹೆಣ್ಣಿನ ತಾಯಿ ಸೆರಗು ಸಡಿಲಿಸಿ ಮಣೆಯ ಮೇಲೆ ಕೂಡಬೇಕು. ಗಂಡಿನ ಕಡೆಯ ಹಿರಿಯ ಹೆಂಗಸು ಅರಿಶಿನ ಕುಂಕುಮ ಹಚ್ಚಿ, ‘ಈ ಮನಿ ಅನ್ನ ಹೆಂಗೈತಿ?’ ಎಂದು ಆ ತಾಯಿಯ ಹೊಟ್ಟೆಯನ್ನು ಮೂರು ಸಲ ಕೇಳಬೇಕು. ಬಾಯಿ ಸುಳ್ಳಾಡೀತು, ಹೊಟ್ಟೆ ಆಡುವುದಿಲ್ಲ. ತಾಯಿಯ ಹೊಟ್ಟೆ ಬೈದ ಮನೆಯಿಂದ ಹೆಣ್ಣು ತರುವುದಿಲ್ಲ. ಮೊದಲನೇ ಸಲ ಬಂದವರು ಪ್ರಶ್ನೆ ಕೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅರ್ಧ ತಿಂದ ಅವಲಕ್ಕಿ ಬಿಟ್ಟು ಎದ್ದುಹೋದರು. ಎರಡನೇ ಸಲ ಗಂಡಿನ ಅಜ್ಜಿ ನನ್ನ ಕೈ ಹಿಡಿದು ಗಳಗಳ ಅತ್ತು ಎದ್ದುಹೋದಳು.

‘ಏನಂತ್ರೀ ಅದು?’ ಎಂದು ನಮ್ಮನೆಯವರನ್ನು ಕೇಳಿದೆ. ‘ಚಲೋ ಐತಿ ಅಂತು.’ ‘ಹಂಗಾರ ಯಾಕ ಎದ್ದ ಹೋದ್ರು?’ ‘ಅವರ ನಸೀಬ ಚಲೋ ಇಲ್ಲ, ಅದಕ್ಕ.’ ನಾನೂ ಹೌದೆಂದುಕೊಂಡೆ. ಆ ಎರಡೂ ಮನೆತನದವರು ತಲೆ ಕೆಟ್ಟವರೆಂದು ಸಂತೆಯಲ್ಲಿ ನಿಂತು ಹೇಳಿಕೊಂಡೂ ಬಂದೆ.

ಇಂಥ ಊರಿಗೆ ವೈಜಯಂತಿ ಮೇಡಂ ಬಂದರು. ನಮ್ಮ ಖಾನಾವಳಿಯ ಪಕ್ಕದ ಮಹಡಿಯಲ್ಲಿ ‘ಸಮಗ್ರ ಹೊಟ್ಟೆ ಆರೋಗ್ಯ ಮತ್ತು ಸಸ್ಯಾಹಾರ ಸಲಹಾ ಕೇಂದ್ರ’ ಎಂದು ಬೋರ್ಡು ಹಾಕಿದರು. ಡಾಕ್ಟರಲ್ಲವಂತೆ, ಡಯಟೀಶಿಯನ್. ಮಾತ್ರೆ ಇಲ್ಲ, ಸೂಜಿ ಇಲ್ಲ. ಏನು ತಿನ್ನುತ್ತೀರಿ, ಎಷ್ಟೊತ್ತಿಗೆ ತಿನ್ನುತ್ತೀರಿ, ಕೂತೋ ನಿಂತೋ, ನಿದ್ದೆ ಎಷ್ಟು, ಚಿಂತೆ ಏನು, ಇದನ್ನೆಲ್ಲ ಕೇಳುವುದು. ಆಮೇಲೆ ಹೊಟ್ಟೆಯ ಎದುರಿಗೆ ಕುರ್ಚಿ ಹಾಕಿಕೊಂಡು ಅದು ಹೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಬರೆದದ್ದನ್ನು ಆ ಮನುಷ್ಯನಿಗೇ ಗಟ್ಟಿಯಾಗಿ ಓದಿ ಹೇಳುವುದು! ಊರಲ್ಲಿ ಹಾಹಾಕಾರವಾಯಿತು. ಮೊದಲ ವಾರ ಇದು ಮಾನಗೇಡಿ ಕೆಲಸ ಎಂದು ಎಲ್ಲರೂ ಬೈದರು. ಎರಡನೇ ವಾರ ಒಬ್ಬೊಬ್ಬರೇ ಹಿಂದಿನ ಮೆಟ್ಟಿಲಿನಿಂದ ಹತ್ತತೊಡಗಿದರು. ತನ್ನ ಹೊಟ್ಟೆ ಏನನ್ನುತ್ತದೆ ಎಂದು ತಿಳಿಯುವ ಆಸೆ ಯಾರಿಗಿಲ್ಲ ಹೇಳಿ?

ನನಗಂತೂ ಆಕೆಯನ್ನು ಕಂಡರೆ ಮೈ ಉರಿಯುತ್ತಿತ್ತು. ‘ಮೂವತ್ತ ವರ್ಷ ಆತು, ಖಾನಾವಳ್ಯಾಗ ಒಂದ ತತ್ತಿ ಸೈತ ಒಡದಿಲ್ಲ. ಸಸ್ಯಾಹಾರ ನನಗ ಕಲಸ್ತಾಳಂತ, ನಿನ್ನೆ ಬಂದಾಕಿ!’ ಎಂದು ತವೆಗೆ ಹೇಳಿಕೊಳ್ಳುತ್ತಿದ್ದೆ. ಇನ್ನೊಂದು ಸಂಗತಿ ಎಂದರೆ, ಊರಿಗೆ ಬಂದ ಮೂರನೇ ದಿನಕ್ಕೆ ಆಕೆಯ ಹೊಟ್ಟೆಯೂ ಬಾಯಿ ಬಿಟ್ಟಿತ್ತು. ಪಾಪ, ಆಕೆಗೆ ಗೊತ್ತಿರಲಿಲ್ಲ. ತನ್ನದು ಹೊರಗಿನ ಹೊಟ್ಟೆ, ಮಾತು ಬರುವುದಿಲ್ಲ ಎಂದುಕೊಂಡಿದ್ದರು. ಕಟ್ಟೆಯ ಮೇಲೆ ಹೆಂಗಸರನ್ನು ಕೂಡಿಸಿಕೊಂಡು ನಾರಿನಂಶ, ಮೊಳಕೆಕಾಳು, ಸೊಪ್ಪು ಎಂದು ಭಾಷಣ ಮಾಡುವಾಗ ಹಸಿರು ಸೀರೆಯ ಒಳಗಿನಿಂದ ದನಿ ಬರುತ್ತಿತ್ತು: ‘ಭಜಿ! ಮೆಣಸಿನಕಾಯಿ ಭಜಿ! ಎರಡಾದ್ರೂ ಕೊಡಿ, ಒಂದಾದ್ರೂ ಕೊಡಿ!’ ಹೆಂಗಸರೆಲ್ಲ ಕೆಳಗೆ ನೋಡಿಕೊಂಡು ಗಂಭೀರವಾಗಿ ತಲೆ ಆಡಿಸುತ್ತಿದ್ದರು. ಮರ್ಯಾದೆಯ ಊರು ಅಂತ ಹೇಳಿದೆನಲ್ಲ.

ಒಂದು ದಿನ ಕಸ್ತೂರಿ ಆಫೀಸಿನಿಂದ ಬಂದವಳೇ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಹೈಸ್ಕೂಲಿನ ವಿಜ್ಞಾನದ ಮಾಸ್ತರ ಪ್ರಭುಲಿಂಗ ವಾರಕ್ಕೆ ಮೂರು ರಿಜಿಸ್ಟರ್ ಪತ್ರ ಮಾಡಲು ಬರುತ್ತಾನೆ, ಅಷ್ಟು ಪತ್ರ ಬರೆಯುವಂಥ ಬಳಗ ಅವನಿಗಿಲ್ಲ ಎಂಬುದು ನನಗೂ ಗೊತ್ತಿತ್ತು. ‘ಅವ್ವಾ, ಅವರ ಮನ್ಯಾಗ ಒಪ್ಯಾರ. ಮುಂದಿನ ತಿಂಗಳ ಹುಣ್ಣಿವಿ ಆದಮ್ಯಾಲ ಬರ್ತಾರಂತ’ ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಅವಳ ಕಣ್ಣಲ್ಲಿ ನೀರು. ‘ಯಾಕವ್ವ?’ ಎಂದರೆ, ‘ಒಂದ ಮಾತು ಕೇಳ್ತೀನಿ, ಬೈಯಬ್ಯಾಡ. ಅವರು ಬರೂದರಾಗ ಒಂದ ಸಲ ಆ ಮೇಡಂ ಕಡೆ ಹೋಗಿ ಬಾ. ಮೂರನೇದ್ದೂ ಮುರದ್ರ ನಾ ಮತ್ತ ಯಾರ ಮುಂದನೂ ಕೂಡಾಂಗಿಲ್ಲ’ ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಮಕ್ಕಳು ತಾಯಿಯ ಹೊಟ್ಟೆಯ ಮಾತು ಹೇಳುವ ಹಾಗಿಲ್ಲ. ಅವಳು ಪದ್ಧತಿ ಮುರಿಯಲಿಲ್ಲ, ಪದ್ಧತಿಯ ಅಂಚಿಗೆ ಬಂದು ನಿಂತಳು.

ಮರುದಿನ ಸಂಜೆ ನಾಲ್ಕೂವರೆಗೆ ಹಿಂದಿನ ಮೆಟ್ಟಿಲು ಹತ್ತಿದೆ. ಮೇಡಂ ಸೆರಗು ಸಡಿಲಿಸಲು ಹೇಳಿ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಒಂದು ಪುಟ ಬರೆದರು, ತಿರುವಿ ಇನ್ನೊಂದು ಪುಟ ಬರೆದರು, ಪೆನ್ನು ಕೊಡವಿ ಮೂರನೇ ಪುಟಕ್ಕೆ ಬಂದರು. ಚಲೋ ಐತಿ ಎನ್ನುವ ಹೊಟ್ಟೆಗೆ ಇಷ್ಟು ಕಾಗದ ಯಾಕೆ ಬೇಕು ಎಂದು ನನಗೆ ಚಿಂತೆಯಾಯಿತು.

‘ಓದ್ಲಾಮ್ಮ?’ ಎಂದರು.

‘ಓದ್ರಿ. ಚಲೋ ಐತಿ ಅಂದಿರಬೇಕು.’

ಆಕೆ ಕನ್ನಡಕ ಸರಿಮಾಡಿಕೊಂಡು, ನಮ್ಮ ಮಾತಿನ ಧಾಟಿಯಲ್ಲೇ ಓದಿದರು: ‘ಹನ್ನೊಂದನೇ ಕಪ್ಪ ಚಹಾ ಬಂತು, ಹಾದಿ ಬಿಡ್ರಿ. ಊರಿಗೆಲ್ಲ ಬಿಸಿ ರೊಟ್ಟಿ, ನನಗ ನಿನ್ನೆದು. ನಾಕ ಗಂಟೆಕ್ಕ ನಿಂತ ಕಾಲ ಮ್ಯಾಲ ನಾಕ ತುತ್ತು ಒಗೀತಾಳ, ಅದಕ್ಕ ಊಟ ಅಂತಾಳ. ಯಾರೋ ಬಿಟ್ಟ ಅರ್ಧ ರೊಟ್ಟಿ, ತಳ ಹತ್ತಿದ ಅನ್ನ. ನಾನೇನ ಹೊಟ್ಟಿಯೋ, ಮುಸುರಿ ಡಬ್ಬಿಯೋ? ಈ ಮನ್ಯಾಗ ಅನ್ನ ಭಾಳ ಐತಿ, ಈಕಿಗೆ ಇಲ್ಲ.’

ನಾನು ಎದ್ದು ನಿಂತೆ. ಮೈಯೆಲ್ಲ ಬೆಂಕಿ. ಮೂವತ್ತು ವರ್ಷ ಊರಿಗೆ ಉಣಿಸಿದವಳ ಹೊಟ್ಟೆ, ಬೀಗರ ಮುಂದೆ ಎರಡೆರಡು ಸಲ ಹೀಗೆ ಒದರಿದೆ. ಆ ಅಜ್ಜಿ ನನ್ನ ಕೈ ಹಿಡಿದು ಅತ್ತದ್ದು ಇದಕ್ಕೆ. ನಾಚಿಕೆಯೂ ಸಿಟ್ಟೂ ಕೂಡಿ ಬಂದರೆ ಸಿಟ್ಟೇ ಮೊದಲು ಬಾಯಿಗೆ ಬರುತ್ತದೆ. ‘ಇದು ನಮ್ಮೂರಾಗ ಹೇಳೂ ಮಾತಲ್ಲ ಮೇಡಂ! ನೀವು ನನಗ ಹೇಳಿದ್ರಿ, ನಾ ನಿಮಗ ಹೇಳ್ತೀನಿ ಕೇಳ್ರಿ. ನಿಮ್ಮ ಹೊಟ್ಟಿ ಊರಿಗೆ ಬಂದಾಗಿಂದ ಭಜಿ ಭಜಿ ಅಂತ ಹೊಯ್ಕೊಳ್ಳಾಕತ್ತೈತಿ. ಇಲ್ಲಿ ಕುಂತಾಗೂ ಒದರೈತಿ. ನೀವು ಮಧ್ಯಾಹ್ನ ಉಂಡಿಲ್ಲಂತ, ಬರೇ ಎರಡ ಬಿಸ್ಕೀಟು ತಿಂದೀರಂತ. ಮಂದಿಗೆ ಮೊಳಕೆಕಾಳು ಹೇಳೂ ಭರದಾಗ ನಿಮ್ಮ ಕಾಳು ನೀರಾಗ ನೆನದು ನೆನದು ನಾತ ಹಿಡದಾವಂತ!’

ಮೇಡಂ ಮುಖ ಕುಂಕುಮದಷ್ಟು ಕೆಂಪಾಯಿತು. ‘ನಂದೂ... ಮಾತಾಡತ್ತಾ?’

‘ಮೂರನೇ ದಿನದಿಂದ.’

‘ಕಟ್ಟೆ ಮೇಲೆ ಭಾಷಣ ಮಾಡೋವಾಗ?’

‘ಆವಾಗ ಭಾಳ ಜೋರು.’

ಆಕೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಾರೇನೋ ಎಂದು ಹತ್ತಿರ ಹೋದೆ. ನೋಡಿದರೆ ನಗುತ್ತಿದ್ದಾರೆ! ನಕ್ಕು ನಕ್ಕು ಕಣ್ಣೊರೆಸಿಕೊಂಡು, ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು ಮೇಲೆ ತಮ್ಮ ಹೆಸರು ಬರೆದು, ‘ಇನ್ನೊಂದ್ಸಲ ನಿಧಾನವಾಗಿ ಹೇಳಿ ಅಮ್ಮ, ಬರ್ಕೋತೀನಿ’ ಎಂದರು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಇಬ್ಬರೂ ಕೂತು ನಕ್ಕೆವು. ಆಮೇಲೆ ನನಗೆ ಅಳುವೂ ಬಂತು, ಅದನ್ನೂ ಅಲ್ಲೇ ಮುಗಿಸಿದೆ.

‘ನಾ ಸಸ್ಯಾಹಾರಿನೇ ಅಲ್ಲೇನ್ರೀ? ಮತ್ತ್ಯಾಕ ಹಿಂಗ ಅಂತೈತಿ?’ ಎಂದು ಕೇಳಿದೆ.

‘ಸಸ್ಯಾಹಾರ ಅಂದ್ರೆ ಸಸ್ಯ ತಿನ್ಬೇಕಮ್ಮ. ನೀವು ಮಾಂಸ ತಿನ್ನಲ್ಲ, ಅಷ್ಟೇ. ಸೊಪ್ಪೂ ತಿನ್ನಲ್ಲ, ಕಾಳೂ ತಿನ್ನಲ್ಲ. ತಿನ್ನೋದು ಚಹಾ, ಸಕ್ಕರೆ, ತಂಗಳು. ವಾರಕ್ಕೆ ಮೂವತ್ತು ಬಗೆ ಗಿಡದ ಪದಾರ್ಥ ಹೊಟ್ಟೆಗೆ ಹೋಗ್ಲಿ ಅಂತ ನಾನು ಹೇಳ್ತೀನಿ.’

‘ಮೂವತ್ತೋ! ಎಲ್ಲಿಂದ ತರೂದ್ರೀ?’

‘ನಿಮ್ಮ ಅಡುಗೆಮನೇಲಿ ಏನೇನಿದೆ ಹೇಳಿ ನೋಡೋಣ.’

ಬೆರಳು ಮಡಚಿದೆ. ಜೋಳ, ಸಜ್ಜೆ, ನವಣೆ. ಹೆಸರು, ಮಡಕಿ, ಅಲಸಂದಿ, ಕಡಲೆ. ಪುಂಡಿ, ಮೆಂತ್ಯೆ, ಸಬ್ಬಸಗಿ, ಹಕ್ಕರಕಿ. ಶೇಂಗಾ, ಗುರೆಳ್ಳು, ಅಗಸಿ. ಬದನೆ, ಹೀರೆ, ಸೌತೆ, ಗಜ್ಜರಿ, ಹೀಗೇ ಇನ್ನಷ್ಟು. ಎರಡೂ ಕೈ ಮೂರು ಸಲ ಮುಗಿದು ಇನ್ನೂ ಮೂರು ಬೆರಳು ಮಡಚಿದೆ. ಮೂವತ್ತಮೂರು. ಎಲ್ಲವನ್ನೂ ದಿನಾ ನಾನೇ ಹಸನು ಮಾಡಿ, ನಾನೇ ಒಗ್ಗರಣೆ ಹಾಕಿ, ಊರ ಮಂದಿಯ ಹೊಟ್ಟೆಗೆ ಕಳಿಸುತ್ತಿದ್ದೆ. ನನ್ನ ಹೊಟ್ಟೆಗೆ ಅದರಲ್ಲಿ ಒಂದೂ ನೆಟ್ಟಗೆ ಮುಟ್ಟಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ ಹೇಳುತ್ತ ಬಂದಿದ್ದೇನೆ, ಗಾದೆ ನನ್ನ ಮೇಲೇ ಬಿತ್ತು.

ಮೇಡಂ ಒಂದು ಚೀಟಿ ಬರೆದು ಕೊಟ್ಟರು. ಚಹಾ ಎರಡೇ ಕಪ್ಪು. ಬೆಳಿಗ್ಗೆ ಅಂಬಲಿ. ಹನ್ನೆರಡೂವರೆಗೆ ಊಟ, ಗಿರಾಕಿಗಳಿಗಿಂತ ಮೊದಲು. ಕೂತು, ಅಗಿದು, ಮಾತಾಡುತ್ತ ಉಣ್ಣಬೇಕು. ಕೊನೆಯ ಸಾಲು ಓದಿ ನಾನು ಬೆಚ್ಚಿದೆ: ಬಿಸಿ ರೊಟ್ಟಿ, ಬೇರೆಯವರು ಮಾಡಿ ಬಡಿಸಿದ್ದು. ‘ಬ್ಯಾರೇದವರು ಅಂದ್ರ ಯಾರ್ರೀ?’ ಎಂದೆ. ‘ಮನೇಲಿ ಯಾರಿದ್ದಾರೆ?’ ಎಂದರು. ‘ನಮ್ಮನಿಯವರು ಅದಾರ.’ ‘ಅವರೇ.’ ‘ಅಯ್ಯ ನನ್ನ ಶಿವನ! ಅವರಿಗೆ ಹಿಟ್ಟಿಗೂ ಸುಣ್ಣಕ್ಕೂ ಫರಕು ಗೊತ್ತಿಲ್ರೀ.’ ‘ಕಲೀತಾರೆ. ಇದೂ ಚಿಕಿತ್ಸೇನೇ ಅಮ್ಮ. ತಟ್ಟೇಲಿ ಏನಿದೆ ಅನ್ನೋದು ಅರ್ಧ, ತಟ್ಟೆ ಯಾರು ಇಟ್ರು ಅನ್ನೋದು ಅರ್ಧ.’

ಮನೆಗೆ ಬಂದು ನಮ್ಮನೆಯವರ ಮುಂದೆ ಚೀಟಿ ಒಗೆದೆ. ‘ಮೂವತ್ತ ವರ್ಷ ಚಲೋ ಐತಿ ಅಂತ ಸುಳ್ಳ ಹೇಳಿದ್ರೆಲ್ಲಾ, ಯಾಕ?’ ಎಂದು ಕೇಳಿದೆ. ಅವರು ಟವೆಲ್ಲಿನ ತುದಿಯನ್ನು ಸುರುಳಿ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಕೊನೆಗೆ, ‘ಖರೆ ಹೇಳಿದ್ರ ರೊಟ್ಟಿ ನಾ ಬಡೀಬೇಕಾಗ್ತಿತ್ತಲ್ಲ’ ಎಂದರು. ಸುಳ್ಳು ಹೇಳುವುದರಲ್ಲಿ ಎಷ್ಟು ಪಳಗಿದ್ದರೋ, ಖರೆ ಹೇಳುವುದರಲ್ಲಿ ಅಷ್ಟೇ ದಡ್ಡರು. ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಮೂರನೇ ದಿನ ಹನ್ನೆರಡೂವರೆಗೆ ಒಲೆಯ ಮುಂದೆ ಧಪ್ ಧಪ್ ಎಂದು ಸಪ್ಪಳ ಕೇಳಿ ಹೋಗಿ ನೋಡಿದರೆ, ಮೀಸೆಗೆ ಹಿಟ್ಟು ಹಚ್ಚಿಕೊಂಡು ಕೂತಿದ್ದಾರೆ. ಆ ರೊಟ್ಟಿ ಒಂದು ಕಡೆ ಹಪ್ಪಳದಷ್ಟು ತೆಳು, ಇನ್ನೊಂದು ಕಡೆ ದಪಾಟಿಯಷ್ಟು ದಪ್ಪ. ನಡುವೆ ಒಂದು ತೂತು, ಅದರಲ್ಲಿ ಕೆಂಡ ಕಾಣಿಸುತ್ತಿತ್ತು. ನಾನು ಮಣೆಯ ಮೇಲೆ ಕೂತು ಉಂಡೆ. ಬಿಸಿಯಾಗಿತ್ತು. ‘ಇನ್ನೊಂದು ಹಾಕ್ರಿ’ ಎಂದೆ.

ನಮ್ಮನೆಯವರಿಗೂ ಮೇಡಂ ಒಂದು ನೋಟ್‌ಬುಕ್ಕು ಕೊಟ್ಟಿದ್ದರು. ದಿನಾ ನನ್ನ ಹೊಟ್ಟೆ ಅಂದದ್ದನ್ನು ಬರೆದು ಓದಿ ಹೇಳಬೇಕು. ಮೊದಲ ದಿನದ್ದು: ‘ರೊಟ್ಟಿ ಸುಟ್ಟೈತಿ, ಆದ್ರ ಬಿಸಿ ಐತಿ.’ ಎಂಟನೇ ದಿನ: ‘ಮಡಕಿಕಾಳು ಬಂತು, ಭಾಳ ವರ್ಷದ ಮ್ಯಾಲ ಭೆಟ್ಟಿ ಆತು.’ ಹತ್ತೊಂಬತ್ತನೇ ದಿನ: ‘ಈ ಮನುಷ್ಯಾ ಉಪ್ಪು ಹಾಕೂದು ಮರ್ತಾನ.’ ಅದನ್ನು ಓದುವಾಗ ದನಿ ತುಸು ಸಣ್ಣದಾಯಿತು, ಆದರೆ ಓದಿದರು. ನನಗೆ ಚಹಾ ಬಿಟ್ಟ ತಲೆನೋವು ಒಂದು ವಾರ ಕಾಡಿತು, ಆ ವಾರ ಗಿರಾಕಿಗಳು ನೀರು ಕೇಳಲೂ ಹೆದರಿದರು. ಮೇಡಂ ಮಧ್ಯಾಹ್ನ ನಮ್ಮಲ್ಲೇ ಬಂದು ನನ್ನ ಪಕ್ಕ ಕೂತು ಉಣ್ಣತೊಡಗಿದರು. ರವಿವಾರಕ್ಕೊಮ್ಮೆ ಎರಡು ಭಜಿ ಎಂದು ಅವರಿಗೆ ನಾನು ಚೀಟಿ ಬರೆದು ಕೊಟ್ಟೆ. ಅವರ ಹೊಟ್ಟೆ ಈಗ ಭಾಷಣದ ನಡುವೆ ಬಾಯಿ ಹಾಕುವುದಿಲ್ಲ.

ಹುಣ್ಣಿಮೆ ಕಳೆದ ಮೂರನೇ ದಿನ ಬೀಗರು ಬಂದರು. ಪ್ರಭುಲಿಂಗ, ಅವನ ಅಪ್ಪ, ಇಬ್ಬರು ಕಾಕಂದಿರು, ಕಾಕೂಗಳು, ಮುಂದೆ ಅವನ ತಾಯಿ ಗುರುಬಾಯಿ. ಹನ್ನೊಂದು ಮಂದಿ ಉಣ್ಣುವ ದೊಡ್ಡ ಮನೆತನ, ಆಕೆಯ ಕೈಯಡುಗೆಗೆ ಹೆಸರಿದೆ. ಕಡ್ಡಿಯ ಹಾಗಿದ್ದ ಹೆಂಗಸು, ಸೆರಗನ್ನು ಮಾತ್ರ ನಾಲ್ಕು ಸುತ್ತು ಬಿಗಿದಿದ್ದಳು. ನಾನು ಸೆರಗು ಸಡಿಲಿಸಿ ಮಣೆಯ ಮೇಲೆ ಕೂತೆ. ಬಾಗಿಲ ಹಿಂದೆ ಕಸ್ತೂರಿ ಬಂದು ನಿಂತದ್ದು ನನಗೆ ಗೊತ್ತಿತ್ತು. ಗುರುಬಾಯಿ ಅರಿಶಿನ ಕುಂಕುಮ ಹಚ್ಚಿ, ‘ಈ ಮನಿ ಅನ್ನ ಹೆಂಗೈತಿ?’ ಎಂದು ಮೂರು ಸಲ ಕೇಳಿದಳು.

ನನಗೆ ಏನೂ ಕೇಳಿಸಲಿಲ್ಲ. ಮುಖಗಳನ್ನು ನೋಡಿದೆ. ಮೊದಲು ಒಬ್ಬಳು ಕಾಕೂ ನಕ್ಕಳು, ಆಮೇಲೆ ಎಲ್ಲರೂ. ನಮ್ಮನೆಯವರು ಎದ್ದು ನಿಂತು, ಶಾಲೆಯ ಹುಡುಗರು ಪದ್ಯ ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳಿದರು: ‘ಅನ್ನ ಬಿಸಿ ಐತಿ, ನನಗ ಸಾಕಷ್ಟು ಐತಿ ಅಂತು. ರೊಟ್ಟಿ ಗಂಡ ಮಾಡಿದ್ದಕ್ಕ ಅಂಚು ದಪ್ಪ ಐತಿ, ನಡೀತೈತಿ ಅಂತು.’ ಒಳಗೆ ಕಸ್ತೂರಿಯ ಬಳೆ ಸಪ್ಪಳವಾಯಿತು. ಪ್ರಭುಲಿಂಗನ ಅಪ್ಪ ‘ಆತು ಬಿಡ್ರಿ, ಸಕ್ರಿ ತರ್ರಿ’ ಎಂದರು.

ಗುರುಬಾಯಿ ಮಾತ್ರ ನಗಲಿಲ್ಲ. ‘ರೊಟ್ಟಿ ಗಂಡ ಮಾಡಿದ್ದಾ?’ ಎಂದು ಮೆಲ್ಲಗೆ ಕೇಳಿದಳು. ಕೇಳುವಾಗ ಅವಳ ನಾಲ್ಕು ಸುತ್ತಿನ ಒಳಗೆ ಏನೋ ಗುಜುಗುಜು ಅಂದಿತು. ಸಕ್ಕರೆ ತರಬೇಕಾದ ನಾನು ಎದ್ದೇಳಲಿಲ್ಲ. ‘ಅಕ್ಕಾರ, ಒಂದ ಮಾತು. ನಿಮ್ಮ ಹೊಟ್ಟಿಗೂ ಕೇಳ್ಲೇನು?’ ಎಂದುಬಿಟ್ಟೆ.

ಗಂಡಿನ ತಾಯಿಯ ಹೊಟ್ಟೆಯನ್ನು ಯಾರೂ ಯಾವತ್ತೂ ಕೇಳಿದ್ದಿಲ್ಲ. ‘ಹಂಗ ಪದ್ಧತಿ ಇಲ್ರೀ’ ಎಂದು ಪ್ರಭುಲಿಂಗನ ಅಪ್ಪ ಮೀಸೆ ಕುಣಿಸಿದರು. ಬಾಗಿಲ ಸಂದಿಯಲ್ಲಿ ಕಸ್ತೂರಿಯ ಮುಖ ಬಿಳಿಚಿಕೊಂಡಿತ್ತು, ಬೇಡ ಎಂದು ಕೈ ಮಾಡುತ್ತಿದ್ದಳು. ಕೈಗೆ ಬಂದ ತುತ್ತನ್ನು ಈ ಅವ್ವ ನೆಲಕ್ಕೆ ಚೆಲ್ಲುತ್ತಾಳೆ ಎಂದು ಅವಳಿಗೆ ಅನಿಸಿರಬೇಕು. ನನಗೂ ಹೆದರಿಕೆ ಇರಲಿಲ್ಲ ಎಂದೇನಿಲ್ಲ. ಆದರೆ ಬಾಯಿ ತಡೆಯಲಿಲ್ಲ. ‘ಮಗಳು ನಾಳೆ ಉಣ್ಣೂದು ನಿಮ್ಮ ಮನಿ ಅನ್ನ ರೀ. ಅದು ಹೆಂಗೈತಿ ಅಂತ ನಾ ಮತ್ತ್ಯಾರಿಗೆ ಕೇಳ್ಲಿ?’

‘ಕೇಳ್ಲಿ ಬಿಡ್ರಿ. ನಮ್ಮ ಮನ್ಯಾಗ ಏನ ಕಮ್ಮಿ ಐತಿ?’ ಎಂದು ಗುರುಬಾಯಿಯೇ ಸೆರಗಿಗೆ ಕೈ ಹಾಕಿದಳು. ಒಂದು ಸುತ್ತು, ಎರಡು, ಮೂರು, ನಾಲ್ಕು. ನಾನು ಕುಂಕುಮ ಹಚ್ಚಿ ಕೇಳಿದೆ. ಆ ಹೊಟ್ಟೆಯ ದನಿ ಎಷ್ಟು ಸಣ್ಣದೆಂದರೆ ಎಲ್ಲರೂ ಬಗ್ಗಿ ಕೇಳಬೇಕಾಯಿತು. ‘ನನಗ ಯಾರೂ ಕೇಳಿದ್ದಿಲ್ಲ. ಹನ್ನೊಂದ ಮಂದಿ ಉಂಡಮ್ಯಾಲ ಬೋಗುಣಿ ಬಳದು ಹಾಕ್ತಾಳ. ಬಳ್ಯಾಕ ಏನೂ ಉಳೀದ ದಿನ ನೀರ ಕುಡದು, ಉಂಡೆ ಅಂತಾಳ. ಎಲ್ಲಾರೂ ನಂಬತಾರ.’

ಗುರುಬಾಯಿ ಗಂಡನ ಕಡೆ ತಿರುಗಿ, ‘ಏನಂತ್ರೀ?’ ಎಂದಳು.

‘ಚಲೋ ಐತಿ ಅಂತು’ ಎಂದರು ಅವರು, ನೆಲ ನೋಡುತ್ತ.

ನಾನು ಆಕೆಯ ಕೈ ಹಿಡಿದುಕೊಂಡು ಒಂದಕ್ಷರ ಬಿಡದೆ ಹೇಳಿದೆ. ಪದ್ಧತಿ ಮುರಿದೆ, ಊರಿಗೆ ಕೆಟ್ಟವಳಾದೆ, ಆಗಲಿ. ಗುರುಬಾಯಿ ಅಳಲಿಲ್ಲ. ಮಗನ ಕಡೆ ತಿರುಗಿ ಕೇಳಿದಳು, ‘ಪ್ರಭೂ, ನಿನಗ ಕೇಳಸ್ತಿತ್ತೇನು?’

‘ಕೇಳಸ್ತಿತ್ತವ್ವ.’

‘ಯಾವಾಗಿಂದ?’

‘ಸಣ್ಣಾವಿದ್ದಾಗಿಂದ’ ಎಂದ. ಮೂವತ್ತು ವರ್ಷದ ಗಂಡಸು, ಹೈಸ್ಕೂಲಿನ ಮಾಸ್ತರ, ತಪ್ಪು ಮಾಡಿದ ಹುಡುಗನ ಹಾಗೆ ಕೈಕಟ್ಟಿ ನಿಂತು ಹೇಳಿದ. ಬಾಗಿಲ ಹಿಂದಿನಿಂದ ಕಸ್ತೂರಿ ಹೊರಗೆ ಬಂದಳು. ‘ನನಗೂ ನಮ್ಮವ್ವಂದು ಕೇಳಸ್ತಿತ್ರೀ ಅತ್ತಿ. ಪದ್ಧತಿ ಇಲ್ಲಂತ ನಾನೂ ಸುಮ್ನ ಇದ್ದೆ’ ಎಂದು ನನ್ನ ಹಿಂದೆ ನಿಂತು ನನ್ನ ಭುಜ ಹಿಡಿದುಕೊಂಡಳು. ಆ ಕೈ ನನ್ನ ಭುಜದ ಮೇಲಿದ್ದಾಗ ಯಾರನ್ನೂ ಬೈಯಬೇಕೆನಿಸಲಿಲ್ಲ, ಅದೊಂದೇ ನನಗೆ ಆಶ್ಚರ್ಯ.

ಸಂಬಂಧ ಮುರಿಯಿತು ಎಂದೇ ಎಲ್ಲರೂ ತಿಳಿದಿದ್ದರು. ಕಾಕಂದಿರು ಚಪ್ಪಲಿ ಹುಡುಕುತ್ತಿದ್ದರು. ಗುರುಬಾಯಿ ಎದ್ದಳು, ಬಾಗಿಲ ಕಡೆ ಹೋಗದೆ ನೇರವಾಗಿ ಖಾನಾವಳಿಯ ಮೊದಲನೇ ಮೇಜಿಗೆ ಹೋಗಿ ಕೂತಳು. ‘ಹುಡಗಿ ನನಗ ಒಪ್ಪಿಗಿ. ಆಕಿ ನಮ್ಮ ಮನಿಗೆ ಬಂದ್ರ ನಾವಿಬ್ಬರೂ ಮೊದಲ ಉಣ್ಣಾವ್ರು. ಅದು ಈಗಿಂದನ ಸುರು ಆಗ್ಲಿ, ನನಗ ಹಸಿವಾಗೈತಿ’ ಎಂದಳು. ಪ್ರಭುಲಿಂಗನ ಅಪ್ಪ ಹೆಂಡತಿಯ ಮುಖ ನೋಡಿ ಬದಿಗೆ ಸರಿದು ನಿಂತರು. ನಮ್ಮನೆಯವರು ತವೆಯ ಕಡೆ ಓಡಿದರು. ಪ್ರಭುಲಿಂಗ ತೋಳು ಮಡಚಿ ಅವರ ಹಿಂದೆ ಹೋಗಿ, ಉಬ್ಬಿದ ರೊಟ್ಟಿಯನ್ನು ಅಂಗೈಯಿಂದ ಅಂಗೈಗೆ ಹಾರಿಸುತ್ತ ತಂದು ತಾಯಿಯ ತಟ್ಟೆಗೆ ಹಾಕಿದ, ಮೇಲೆ ಪುಂಡಿಪಲ್ಯ ಬಡಿಸಿದ.

ಗುರುಬಾಯಿ ತುತ್ತು ಮುರಿದಳು. ಬಾಯಿಯ ಹತ್ತಿರ ಒಯ್ದವಳು ಕೈ ತಡೆದು, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಗಂಡಸರನ್ನೆಲ್ಲ ಒಮ್ಮೆ ನೋಡಿ, ‘ನೀವೆಲ್ಲಾ?’ ಎಂದು ಕೇಳಿದಳು.

‘ನೀ ಉಣ್ಣವ್ವ. ಉಳದ್ರ ನಾವು ಆಮ್ಯಾಲ ಉಣ್ತೀವಿ’ ಎಂದ ಪ್ರಭುಲಿಂಗ. ನನಗೀಗ ಐವತ್ತಾರು ವರ್ಷ. ಆ ಮಾತನ್ನು ಒಬ್ಬ ಗಂಡಸಿನ ಬಾಯಲ್ಲಿ ಕೇಳಿದ್ದು ಅದೇ ಮೊದಲು.